ಹೊಲಿಗೆ ಕಾಣದ ನೋಟ

ಅಗಲದ ಚಿತ್ರಕ್ಕೆ ಮೊದಲು ಬೇಕಾದದ್ದು ಅಲುಗದ ಕಾಲು.

ಹರಿಹರದ ಕಡೆಯ ನಂದಿಗುಡಿಯ ಗದ್ದೆಬಯಲು ಒಂದು ಚೌಕಟ್ಟಿಗೆ ಒಗ್ಗುವುದಿಲ್ಲ. ಒಗ್ಗದ್ದನ್ನು ತುಂಡು ತುಂಡಾಗಿ ಹಿಡಿದು ಮತ್ತೆ ಕೂಡಿಸುವ ಆಸೆಗೆ ಪನೋರಮಾ ಎಂದು ಹೆಸರು.

ಗುಡ್ಡ ಕಣ್ಣನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಬಯಲು ನೋಡುವವನನ್ನೇ ತಿರುಗಿಸುತ್ತದೆ. ಬಯಲಿಗೆ ನಡುವೆಂಬುದಿಲ್ಲ, ಯಾರು ಎಲ್ಲಿ ನಿಂತರೆ ಅದೇ ನಡು.

1787ರಲ್ಲಿ ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ ದುಂಡುಗೋಡೆಯ ಮೇಲೆ ಸುತ್ತನೋಟವನ್ನು ಬರೆಯುವ ಕ್ರಮಕ್ಕೆ ಪೇಟೆಂಟ್ ಪಡೆದ. ಮರುವರ್ಷ ಎಡಿನ್‌ಬರೋದ ಜನ ಎಡಿನ್‌ಬರೋದ ಚಿತ್ರವನ್ನೇ ನೋಡಿ ಬೆರಗಾದರು. ಊರು ಬಾಗಿಲ ಹೊರಗೇ ಇತ್ತು. ದಿನವೂ ಕಾಣುವುದು ಚಿತ್ರವಾದ ಮೇಲಷ್ಟೇ ಕಣ್ಣಿಗೆ ಬೀಳುವುದು ಹಳೆಯ ರೋಗ.

ಎರಡು ತುಣುಕು ಕೂಡಬೇಕಾದರೆ ಒಂದರ ಸುಮಾರು ಮೂರನೇ ಒಂದು ಪಾಲು ಇನ್ನೊಂದರಲ್ಲೂ ಇರಬೇಕು. ಹಂಚಿಕೊಂಡದ್ದೇನೂ ಇಲ್ಲದವು ಪಕ್ಕದಲ್ಲೇ ಕೂತರೂ ಕೂಡುವುದಿಲ್ಲ.

ಹರಿಹರದ ಹರಿಹರೇಶ್ವರನ ಗುಡಿಯನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ. ಒಳಗಿನ ಮೂರ್ತಿಗೆ ಬಲಗಡೆ ಶಿವ, ಎಡಗಡೆ ವಿಷ್ಣು. ಒಂದೇ ತಲೆಯ ಮೇಲೆ ಅರ್ಧ ಜಟೆ, ಅರ್ಧ ಕಿರೀಟ. ಶಿವ ಎಲ್ಲಿ ಮುಗಿದ, ವಿಷ್ಣು ಎಲ್ಲಿ ಮೊದಲಾದ ಎಂದು ಹುಡುಕುತ್ತ ಹೋದ ಕಣ್ಣು ಮುಖದ ಹತ್ತಿರ ಸೋಲುತ್ತದೆ. ಚಿತ್ರಕ್ಕೆ ಚಿತ್ರ ಕೂಡಿಸುವವರು ಕಂಪ್ಯೂಟರಿನ ಮುಂದೆ ಕೂರುವ ಮೊದಲು ಬಂದು ನೋಡಬೇಕಾದ ಕಲ್ಲು ಅದು.

ಅದೇ ಗುಡಿಯ ಕಂಬಗಳು ಕಡೆದ ಕಂಬಗಳು. ಕಲ್ಲು ತಿರುಗಿತು, ಉಳಿ ನಿಂತಿತು. ಏಳು ಶತಮಾನ ಕಳೆದು, 1941ರಲ್ಲಿ, ಅದೇ ಊರಿನಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿ ಲೇಥುಗಳನ್ನು ಮಾಡಿತು. ಕಾರ್ಖಾನೆ ಮುಚ್ಚಿತು, ಕಂಬಗಳು ಇವೆ. ಕಂಬಕ್ಕಾಗಲಿ, ಲೇಥಿಗಾಗಲಿ, ತಿರುಗುವ ಕ್ಯಾಮೆರಾಕ್ಕಾಗಲಿ ನಿಯಮ ಒಂದೇ. ಅಚ್ಚು ಅಲುಗಿದರೆ ನುಣುಪು ಕೆಟ್ಟಿತು.

ಕ್ಯಾಮೆರಾ ಅದನ್ನು ಹಿಡಿದವನ ಮೈಯ ಸುತ್ತ ತಿರುಗಬಾರದು. ಲೆನ್ಸಿನೊಳಗಿನ ಒಂದು ಬಿಂದುವಿನ ಸುತ್ತ ತಿರುಗಬೇಕು. ತಪ್ಪಿದರೆ ದೂರದ ಗುಡ್ಡ ಸರಿಯಾಗಿಯೇ ಕೂಡುತ್ತದೆ, ಹತ್ತಿರದ ಬೇಲಿಗೂಟ ಎರಡಾಗುತ್ತದೆ. ದೂರದವರೊಡನೆ ಹೊಂದಿಕೆ ಸುಲಭ. ಬಿರುಕು ತೋರುವುದು ಹತ್ತಿರದಲ್ಲಿ.

ಹರಿಹರದಲ್ಲಿ ತುಂಗಭದ್ರೆಯ ಮೇಲಿನ ಸೇತುವೆ ನೇರ. ನಡುವಿನ ಎದುರು ನಿಂತು ಈ ತುದಿಯಿಂದ ಆ ತುದಿಗೆ ತೆಗೆದ ಚಿತ್ರದಲ್ಲಿ ಅದು ಬಿಲ್ಲು. ಎರಡು ತುದಿಯೂ ಒಮ್ಮೆಗೇ ಬೇಕೆಂದದ್ದಕ್ಕೆ ನೇರವನ್ನು ತೆರಬೇಕಾಯಿತು.

ಬೆಳಕನ್ನು ಒಮ್ಮೆ ಅಳೆದು ಬಿಗಿಯಬೇಕು. ತುಣುಕು ತುಣುಕಿಗೂ ಅಳೆದರೆ ಆಕಾಶ ಪಟ್ಟೆ ಪಟ್ಟೆಯಾಗುತ್ತದೆ.

ಭದ್ರಾ ನಾಲೆಯ ಏರಿಯಿಂದ ಒಂದು ಬೆಳ್ಳಕ್ಕಿ ಎದ್ದಿತು. ಫೋನು ಎಡದಿಂದ ಬಲಕ್ಕೆ ಸರಿಯುತ್ತಿತ್ತು. ಹಕ್ಕಿಯೂ ಎಡದಿಂದ ಬಲಕ್ಕೆ. ಚಿತ್ರದಲ್ಲಿ ಅದೇ ಹಕ್ಕಿ ಮೂರು ಕಡೆ: ಒಂದು ಕಡೆ ರೆಕ್ಕೆ ಬಿಚ್ಚಿ, ಒಂದು ಕಡೆ ಕಾಲು ಮಾತ್ರ, ಕೊನೆಯಲ್ಲಿ ಪೂರ್ತಿ. ಅದನ್ನು ಅಳಿಸುವುದು ತಪ್ಪು. ಅಗಲವೆಂದು ತೋರಿದ್ದು ಅಷ್ಟೂ ಕಾಲವೇ.

ಸರ್ಕಟ್ ಎಂಬ ತಿರುಗುವ ಕ್ಯಾಮೆರಾ 1904ರದು. ಶಾಲೆಯ ಗುಂಪುಚಿತ್ರದಲ್ಲಿ ಒಂದು ತುದಿಯ ಹುಡುಗ ಹಿಂದಿನಿಂದ ಓಡಿ ಬಂದು ಇನ್ನೊಂದು ತುದಿಯಲ್ಲೂ ನಿಲ್ಲುತ್ತಿದ್ದ. ಕ್ಯಾಮೆರಾದ ಗುಟ್ಟು ಮೊದಲು ತಿಳಿದದ್ದು ಮಕ್ಕಳಿಗೆ.

1858ರಲ್ಲಿ ಲಿನೇಯಸ್ ಟ್ರೈಪ್ ಎಂಬ ಛಾಯಾಗ್ರಾಹಕ ತಂಜಾವೂರಿನ ಬೃಹದೀಶ್ವರ ಗುಡಿಯ ತಳದ ಶಾಸನವನ್ನು ಚಿತ್ರದಿಂದ ಚಿತ್ರಕ್ಕೆ ಹಿಡಿಯುತ್ತ ಹೋದ. ಇಪ್ಪತ್ತೊಂದು ಪ್ರತಿಗಳನ್ನು ಅಂಟಿಸಿದಾಗ ಸುಮಾರು 19 ಅಡಿ ಉದ್ದ. ಅಲ್ಲಿ ಕಾಲು ನಡೆಯಿತು, ಕಣ್ಣು ನೇರ ನಿಂತಿತು. ನೋಡುವ ಪನೋರಮಾಗಳು ಸಾವಿರ ಇವೆ. ಓದುವ ಪನೋರಮಾ ಅಪರೂಪ. ನಮ್ಮ ಶಾಸನಗಳಿಗೂ ಅಂಥ ತಾಳ್ಮೆ ಸಿಗಬೇಕಿತ್ತು.

ತುಂಗೆ, ಭದ್ರೆ ಕೂಡಲಿಯಲ್ಲಿ ಕೂಡಿದವು. ನೀರಿನಲ್ಲಿ ಹೊಲಿಗೆ ಮಾಯವಾಯಿತು, ಹೆಸರಿನಲ್ಲಿ ಉಳಿದಿದೆ. ಸೂಳೆಕೆರೆಯಿಂದ ಬರುವ ಹರಿದ್ರಾ ಹರಿಹರದ ಬಳಿ ಸೇರಿಕೊಂಡು ಹೆಸರನ್ನೂ ಬಿಟ್ಟಳು.

ಸೂಳೆಕೆರೆಯ ನೀರು ಕಣ್ಣಿಗೆಟುಕದಷ್ಟು ಹರಡಿದೆ. ಅಷ್ಟನ್ನೂ ಹಿಡಿದು ನಿಲ್ಲಿಸಿರುವುದು ಎರಡು ಗುಡ್ಡಗಳ ನಡುವಿನ, ಹೆಚ್ಚು ಉದ್ದವಿಲ್ಲದ ಒಂದು ಏರಿ. ಕೆರೆಯ ಚಿತ್ರ ತೆಗೆಯುವವರು ಏರಿಯ ಮೇಲೆಯೇ ನಿಂತು ತೆಗೆಯುತ್ತಾರೆ. ಆದ್ದರಿಂದ ಏರಿ ಚಿತ್ರದಲ್ಲಿ ಇರುವುದಿಲ್ಲ.

ಹರಿಹರದಲ್ಲಿ ಗುಡಿಯಷ್ಟನ್ನೇ ಚೌಕಟ್ಟಿನಲ್ಲಿಟ್ಟರೆ ಹದಿಮೂರನೆಯ ಶತಮಾನ. ದಡಕ್ಕೆ ಬಂದು ಇನ್ನಷ್ಟು ತಿರುಗಿದರೆ ಹೊಳೆಯಾಚೆ ಕುಮಾರಪಟ್ಟಣದ ಕಾರ್ಖಾನೆಯ ಹೊಗೆಕೊಳವೆ. ಚೌಕಟ್ಟು ಆರಿಸುತ್ತದೆ, ಅಗಲ ಒಪ್ಪಿಸುತ್ತದೆ. ಊರನ್ನು ತೆಗೆಯುತ್ತೇನೆಂದವರು ಹೊಗೆಕೊಳವೆಗೂ ಜಾಗ ಕೊಡಬೇಕು. ಅದರ ಅನ್ನ ಉಂಡ ಮನೆಗಳೂ ಊರೇ.

ಪ್ರವಾಸಿ ಅಗಲವನ್ನು ಬಯಸುತ್ತಾನೆ, ಏಕೆಂದರೆ ಮತ್ತೆ ಬರುವುದಿಲ್ಲ. ಊರಿನವನಿಗೆ ಅಗಲ ಬೇಕಿಲ್ಲ. ನಾಳೆ ಇನ್ನೊಂದು ತುಣುಕು ನೋಡುತ್ತಾನೆ.

ಪೂರ್ತಿ ಸುತ್ತಿದರೂ ಸಿಗದೆ ಉಳಿಯುವುದು ಕಾಲಡಿಯ ನೆಲ.

ನಾಟಿಗೆ ಬಾಗಿದ ಹೆಂಗಸರ ಸಾಲು ಅಗಲದ ಚಿತ್ರದಲ್ಲಿ ಬಣ್ಣದ ಚುಕ್ಕಿಗಳ ಸಾಲು. ಬೆನ್ನುನೋವಿಗೆ ಎಷ್ಟು ಅಗಲದ ಚಿತ್ರವೂ ಸಾಲದು; ಹತ್ತಿರ ಹೋಗಬೇಕು, ಮಾತಾಡಿಸಬೇಕು, ಕೇಳಿ ತೆಗೆಯಬೇಕು.

ನಂದಿಗುಡಿಯ ಕಡೆ ಹೋಗುವವರಲ್ಲಿ ಒಂದು ಮಾತು. ಭತ್ತ ಹಣ್ಣಾಗುವ ಹೊತ್ತಿಗೆ ಹೋಗಿ, ಹೊತ್ತು ಇಳಿಯುವ ಮುನ್ನ. ಬದುವಿನ ಮೇಲೆ ನಿಂತು, ಫೋನು ಕಿಸೆಯಲ್ಲಿಟ್ಟು, ಬರಿಗಣ್ಣಿನಲ್ಲಿ ಒಂದು ಸುತ್ತು ತಿರುಗಿ. ಚಿತ್ರ ಆಮೇಲೆ ತೆಗೆಯಿರಿ. ಬದುವಿನ ಪೈರು ತುಳಿಯಬೇಡಿ.