ಯಾರ ಗಾಣ, ಯಾರ ನೆನಪು

ತಿಮ್ಮಾಪುರ ಎಂದರೆ ನಮ್ಮ ಭಾಗದವರಿಗೆ ಮೊದಲು ನೆನಪಾಗುವುದು ಊರಲ್ಲ, ಕಾರ್ಖಾನೆ. ಮುಧೋಳ ತಾಲ್ಲೂಕಿನ ಈ ಊರಲ್ಲಿ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಅದರ ವಿಳಾಸದಲ್ಲಿ ರನ್ನನಗರ ಎಂಬ ಹೆಸರೂ ಇದೆ. ಬಳೆಗಾರರ ಮನೆಯಲ್ಲಿ ಹುಟ್ಟಿದ ಹತ್ತನೆಯ ಶತಮಾನದ ಕವಿಗೆ ಕಬ್ಬಿನ ಕಾರ್ಖಾನೆಯೊಂದು ಸಲ್ಲಿಸಿದ ಗೌರವ ಅದು. (ಬಳೆಯ ಮಲಾರ ಹೊತ್ತು ಓಣಿ ಓಣಿ ತಿರುಗುವವರೂ ಈಗ ಅಪರೂಪವೇ.) ಈ ಕಾರ್ಖಾನೆ ಸಾಲದಲ್ಲಿ ಸಿಕ್ಕಿಕೊಂಡು ಕೆಲವು ಹಂಗಾಮು ಕಬ್ಬು ಅರೆಯುವುದನ್ನೇ ನಿಲ್ಲಿಸಿತ್ತು. ಆಗ ಯಾರೂ ಅದರ ಬಗ್ಗೆ ನೆನಪಿನ ಲೇಖನ ಬರೆಯಲಿಲ್ಲ. ರೈತರು ಕೂಡಿ, ಮತ್ತೆ ಶುರು ಮಾಡಿರಿ ಎಂದು ಕೇಳಿದರು. ಅವರ ಕೈಯಲ್ಲಿ ಷೇರು ಇತ್ತು, ಹೊಲದಲ್ಲಿ ಕಬ್ಬು ನಿಂತಿತ್ತು.

ಮುಚ್ಚಿಹೋದ ಅಂಗಡಿ, ಹೋಟೆಲು, ಟಾಕೀಸುಗಳ ಬಗ್ಗೆ ನಾವು ಬರೆಯುವ ಪ್ರೀತಿಯ ಮಾತುಗಳನ್ನು ಓದುವಾಗಲೆಲ್ಲ ನನಗೆ ಈ ವ್ಯತ್ಯಾಸ ಕಾಡುತ್ತದೆ. ಬೆಂಗಳೂರಿನ ಪ್ರೀಮಿಯರ್ ಪುಸ್ತಕದಂಗಡಿಯನ್ನೇ ನೋಡಿ. 1971ರಲ್ಲಿ ಶುರುವಾದದ್ದು 2009ರಲ್ಲಿ ಬಾಗಿಲು ಹಾಕಿತು. ಟಿ.ಎಸ್. ಶಾನಭಾಗರು ಆ ಪುಸ್ತಕದ ರಾಶಿಯ ನಡುವಿನಿಂದ ಕೇಳಿದ ಪುಸ್ತಕವನ್ನು ಎಳೆದು ಕೊಡುತ್ತಿದ್ದ ಬಗೆಯನ್ನು ಎಷ್ಟೋ ಜನ ಬರೆದಿದ್ದಾರೆ. ಆ ಪ್ರೀತಿ ಸುಳ್ಳಲ್ಲ. ಆದರೆ ಅಂಗಡಿ ಇರಬೇಕಿತ್ತು ಎಂದು ಹಂಬಲಿಸುವಾಗ, ಒಬ್ಬ ಮನುಷ್ಯ ಮುಪ್ಪಿನಲ್ಲೂ ನಮಗಾಗಿ ಗಲ್ಲೆಯ ಮುಂದೆ ಕೂತಿರಬೇಕಿತ್ತು ಎಂದೂ ನಾವು ಕೇಳುತ್ತಿರುತ್ತೇವೆ. ಮೆಚ್ಚಿದ್ದಕ್ಕೇ ನಮಗೆ ಅವರ ಮೇಲೆ ಹಕ್ಕು ಹುಟ್ಟುತ್ತದೆಯೇ? ನನಗೆ ಹಾಗೆ ಅನ್ನಿಸುವುದಿಲ್ಲ. ಗಿರಾಕಿ ದುಡ್ಡು ಕೊಟ್ಟ, ಪುಸ್ತಕ ಒಯ್ದ, ಲೆಕ್ಕ ಚುಕ್ತಾ ಆಯಿತು. ಇಷ್ಟು ಹೇಳಿದ ಮೇಲೂ ಮನಸ್ಸು ಒಪ್ಪುವುದಿಲ್ಲ ಎನ್ನುವುದು ಬೇರೆ ಮಾತು. ಏಕೆಂದರೆ ಕೆಲವು ಜಾಗಗಳಲ್ಲಿ ಲೆಕ್ಕ ಎಂದೂ ಪೂರ್ತಿ ಚುಕ್ತಾ ಆಗುತ್ತಿರಲಿಲ್ಲ.

ಬೆಲ್ಲದ ಗಾಣ ಅಂಥ ಜಾಗ. ಘಟಪ್ರಭೆಯ ದಂಡೆಯ ಕಬ್ಬಿನ ನಾಡಿನಲ್ಲಿ, ಮಹಾಲಿಂಗಪುರದ ಬೆಲ್ಲದ ಪೇಟೆಗೆ ಮಾಲು ಹೋಗುತ್ತಿದ್ದ ಹಳ್ಳಿಗಳಲ್ಲಿ, ಚಳಿಗಾಲ ಬಂದಿತೆಂದರೆ ಹೊಲದ ಬದಿಗೆ ಗಾಣ ಹೂಡುತ್ತಿದ್ದರು. ಹಿಂಡಿದ ಹಾಲು ಕೊಪ್ಪರಿಗೆಗೆ, ಹಿಂಡಿ ಉಳಿದ ಸಿಪ್ಪೆ ಒಣಗಿ ಅದೇ ಕೊಪ್ಪರಿಗೆಯ ಕೆಳಗಿನ ಒಲೆಗೆ. ಕಬ್ಬು ತನ್ನ ಬೆಂಕಿಯನ್ನು ತಾನೇ ತರುತ್ತಿತ್ತು. ಪಾಕ ಬಂದದ್ದನ್ನು ತಿಳಿಯಲು ಯಂತ್ರವಿಲ್ಲ. ನೀರಿನಲ್ಲಿ ಒಂದು ಹನಿ ಬಿಟ್ಟು ಬೆರಳಲ್ಲಿ ಹಿಚುಕಿ ನೋಡುವವನೊಬ್ಬ ಇರುತ್ತಿದ್ದ, ಅವನು ಹೂಂ ಅಂದ ಮೇಲೇ ಕೊಪ್ಪರಿಗೆ ಇಳಿಸುವುದು. ಒಂದು ಗಳಿಗೆ ತಡವಾದರೆ ಬೆಲ್ಲ ಕಪ್ಪಾಗುತ್ತದೆ, ಮೊದಲೇ ಇಳಿಸಿದರೆ ಗಟ್ಟಿಯಾಗುವುದಿಲ್ಲ. ಆ ದಾರಿಯಲ್ಲಿ ಹೋಗುವ ಯಾರನ್ನೂ ಹಾಲು ಕುಡಿಸದೆ, ಬಿಸಿ ಬೆಲ್ಲ ಕೊಡದೆ ಕಳಿಸಬಾರದು ಎಂಬುದು ರೂಢಿ. ದುಡ್ಡು ಕೇಳಿದರೆ ಮಾನ ಹೋದಂತೆ.

ಈ ಗಾಣಗಳನ್ನು ಕಡಿಮೆ ಮಾಡಿದ್ದು ಯಾರು? ಈಗ ನಾವು ಉಳಿಯಲಿ ಎನ್ನುವ ಇಂಥ ಸಕ್ಕರೆ ಕಾರ್ಖಾನೆಗಳೇ. ಕಬ್ಬು ಕಡಿದು ಗಾಡಿಗೆ ಹೇರಿದರೆ ಸಾಕು, ರಾತ್ರಿಯಿಡೀ ಒಲೆಯ ಮುಂದೆ ಬೇಯುವುದು ತಪ್ಪಿತು ಎಂದು ರೈತರು ಸಂತೋಷದಿಂದಲೇ ಅತ್ತ ಹೊರಳಿದರು. ಅವರದು ತಪ್ಪೆಂದು ಹೇಳಲು ನನಗೆ ಬಾಯಿಲ್ಲ. ಗಾಣಕ್ಕೆ ಕೈ ಸಿಕ್ಕು ಬೆರಳು ಕಳೆದುಕೊಂಡವರು, ಕುದಿಯುವ ಪಾಕ ಸಿಡಿದು ಸುಟ್ಟುಕೊಂಡವರು ಕಬ್ಬಿನ ನಾಡಿನ ಊರುಗಳಲ್ಲಿ ಇದ್ದರು. ಬೆಲ್ಲದ ವಾಸನೆಯನ್ನು ನೆನೆಯುವವರು ಸಾಮಾನ್ಯವಾಗಿ ಒಲೆಗೆ ಸಿಪ್ಪೆ ಹಾಕಿದವರಲ್ಲ. ಗಾಣದ ಧಾರಾಳತನವೂ ಎಲ್ಲರಿಗೂ ಒಂದೇ ಥರ ಇರಲಿಲ್ಲ. ಕೆಲವರಿಗೆ ತಂಬಿಗೆಯಲ್ಲಿ ಹಾಲು, ಕೆಲವರಿಗೆ ಮೇಲಿಂದ ಬೊಗಸೆಗೆ. ಪೇಟೆಯ ಚಹಾದಂಗಡಿಗಳಲ್ಲಿ ಕೆಲವರ ಕಪ್ಪು ಹೊರಗಿನ ಗೂಡಿನಲ್ಲಿ ಬೇರೆ ಇರುತ್ತಿದ್ದ ಕಾಲ ಬಹಳ ಹಿಂದಿನದಲ್ಲ. ಆ ಅಂಗಡಿ ಮುಚ್ಚಿತೆಂದು ಒಬ್ಬ ಮರುಗುವಾಗ ಇನ್ನೊಬ್ಬ ಸುಮ್ಮನಿದ್ದರೆ, ಆ ಸುಮ್ಮನಿರುವಿಕೆಯೂ ನೆನಪೇ.

ಹಾಗಿದ್ದರೆ ಹಳಹಳಿಕೆಯೆಲ್ಲ ಒಳಗೆ ಕೂತು ಉಂಡವರ ಸೊತ್ತೇ? ಬಾಗಲಕೋಟೆ ನನ್ನನ್ನು ಅಷ್ಟಕ್ಕೆ ನಿಲ್ಲಲು ಬಿಡುವುದಿಲ್ಲ. ಆಲಮಟ್ಟಿ ಜಲಾಶಯದ ನೀರು 519.6 ಮೀಟರಿಗೆ ನಿಲ್ಲತೊಡಗಿದಾಗ ಹಳೆ ಊರಿನ ಎಷ್ಟೋ ಓಣಿ, ಅಂಗಡಿಸಾಲು ಮುಳುಗಿದವು. ಜನ ನವನಗರಕ್ಕೆ ಹೋದರು. ಓಣಿಗಳಿಗೆ ಜಾತಿಯ, ಕಸುಬಿನ ಹೆಸರುಗಳಿದ್ದವು. ನವನಗರದಲ್ಲಿ ಸೆಕ್ಟರ್ ನಂಬರು. ಊರಂಚಿನ ಕೇರಿಯಿಂದ ಬಂದವನಿಗೆ, ವಿಳಾಸ ಕೇಳಿದಾಗ ಬರೀ ಒಂದು ನಂಬರು ಹೇಳಿ ಮುಂದೆ ಹೋಗುವುದು ಎಂಥ ಹಗುರ ಎಂದು ನಾವು ಊಹಿಸಬಹುದು. ಆದರೆ ಆತನಿಗೂ ಹಳೆ ಊರಿನಲ್ಲಿ ಒಬ್ಬ ಉದ್ರಿ ಕೊಡುವ ಕಿರಾಣಿಯವನಿದ್ದ. ಮಳೆ ಬಾರದ ವರ್ಷ ಆತನ ಮನೆಯ ಹಿಟ್ಟು ನಡೆದದ್ದು ಆ ಪುಸ್ತಕದ ಮೇಲೆ. ಹೊಸ ಊರಿನಲ್ಲಿ ಆತನಿಗೆ ಸಮಾನತೆ ಒಂದಿಷ್ಟು ಸಿಕ್ಕಿರಬಹುದು, ಉದ್ರಿ ಸಿಗಲಿಲ್ಲ. ಬಡವನ ನಷ್ಟ ಸೌಂದರ್ಯದ್ದಲ್ಲವಾದ್ದರಿಂದ ನಮ್ಮ ಲೇಖನಗಳಲ್ಲಿ ಅದಕ್ಕೆ ಜಾಗವಿಲ್ಲ, ಅಷ್ಟೆ.

ಇಲ್ಲಿಗೆ ಬಂದಾಗ ಪ್ರೀಮಿಯರ್‌ಗೂ ಬಾಗಲಕೋಟೆಗೂ ನಡುವಿನ ಅಂತರ ಕಾಣುತ್ತದೆ. ಒಂದನ್ನು ನಡೆಸಿದವರೇ ನಿಲ್ಲಿಸಿದರು, ಅದಕ್ಕೆ ನಾವು ಕೃತಜ್ಞರಾಗಿ ಸುಮ್ಮನಿರಬೇಕು. ಇನ್ನೊಂದನ್ನು ಮತ್ತೊಬ್ಬರ ಹೊಲಕ್ಕೆ ನೀರು ಬೇಕೆಂದು ನಿಲ್ಲಿಸಲಾಯಿತು. ಆ ನೀರಿನ ಅಗತ್ಯ ನಿಜವೇ ಇರಲಿ, ಅದರಿಂದ ಬೆಳೆದದ್ದನ್ನು ಉಂಡ ನಮಗೆಲ್ಲ ಅದು ಸಾಲವಾಗಿ ಉಳಿಯುತ್ತದೆ. ಅಂಥಲ್ಲಿ ಹಳೆಯ ಫೋಟೋ ಹಂಚಿಕೊಂಡು ನಿಟ್ಟುಸಿರು ಬಿಡುವುದು, ಕೊಡಬೇಕಾದವನು ಕೊಡದೆ ಕೊಡಬೇಕಾದವನ ಗುಣಗಾನ ಮಾಡಿದಂತೆ ಅಲ್ಲ, ಬರಬೇಕಾದವನ ಗುಣಗಾನ ಮಾಡುತ್ತಲೇ ಬಾಕಿ ಮರೆಸಿದಂತೆ.

ಬಾಕಿ ಇನ್ನೂ ಬೆಳೆಯುವುದಿದೆ. 2010ರಲ್ಲಿ ಕೃಷ್ಣಾ ಎರಡನೆಯ ನ್ಯಾಯಮಂಡಳಿ ಆಲಮಟ್ಟಿಯಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿತು. ಅದಾದರೆ ಇನ್ನೂ 20 ಊರು ಮುಳುಗುತ್ತವೆ. ಆ ಊರುಗಳಲ್ಲಿ ವರ್ಷಗಳಿಂದ ಮನೆಗೆ ಸುಣ್ಣ ಹಚ್ಚಲೋ ಬೇಡವೋ ಎಂದು ಯೋಚಿಸುತ್ತ ಜನ ಕಾಯುತ್ತಿದ್ದಾರೆ. ಚಹಾದಂಗಡಿ, ಹಿಟ್ಟಿನ ಗಿರಣಿ, ಕ್ಷೌರದಂಗಡಿ ಎಲ್ಲ ಇವತ್ತು ಬೆಳಿಗ್ಗೆಯೂ ತೆರೆದಿವೆ. ಪರಿಹಾರದ ಸರ್ವೇಗೆ ಬಂದವರು ಗೋಡೆ ಅಳೆಯುತ್ತಾರೆ, ತೊಲೆ ಎಣಿಸುತ್ತಾರೆ, ಹಿತ್ತಲ ಮರ ಬರೆದುಕೊಳ್ಳುತ್ತಾರೆ. ಗಲ್ಲೆಯ ಪಕ್ಕದ ಮೊಳೆಗೆ ನೇತುಹಾಕಿದ ಉದ್ರಿ ಪುಸ್ತಕವನ್ನು ತೆರೆದು ನೋಡುವ ಕಾಲಂ ಅವರ ಫಾರ್ಮಿನಲ್ಲಿ ಇಲ್ಲ.