ಚೇಲನೆಯ ವಿವಾಹ: ಮತಭೇದವೋ, ಮಾನಕಷಾಯವೋ?

ಮಗಳು ಅನ್ಯಮತದವನನ್ನು ವರಿಸಿದಳೆಂಬ ಸುದ್ದಿ ಬಂದಾಗ ಶ್ರಾವಕರ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ‘ಧರ್ಮ ಹೋಯಿತು’ ಎಂಬುದು. ಬ್ರಹ್ಮಾವರ, ಬಾರ್ಕೂರು, ಕುಂದಾಪುರಗಳ ಕಡೆ ಜೈನ ಮನೆಗಳು ವಿರಳವಾಗಿರುವುದರಿಂದ ಈ ಆತಂಕ ಇನ್ನಷ್ಟು ತೀವ್ರ. ಬಾರ್ಕೂರಿನ ಕತ್ತಲೆ ಬಸದಿಯ ಕಂಬಗಳನ್ನು ಕಂಡವರಿಗೆ ಒಂದು ಸಮಾಜ ಕ್ಷೀಣಿಸುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಆತಂಕ ಸಕಾರಣವೇ. ಆದರೆ ಆ ಗಳಿಗೆಯಲ್ಲಿ ಹಿರಿಯರ ಬಾಯಿಂದ ಬರುವ ಮಾತೆಲ್ಲವೂ ಧರ್ಮದ ಮಾತೇ ಆಗಿರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಇದನ್ನು ಪರೀಕ್ಷಿಸಲು ಹೊರಗಿನ ನಾಟಕ, ಚಲನಚಿತ್ರಗಳ ಬಳಿಗೆ ಹೋಗಬೇಕಾಗಿಲ್ಲ. ಜೈನ ಪುರಾಣದಲ್ಲಿಯೇ ಅಂತಹ ಕಥೆಯೊಂದಿದೆ. ಪ್ರವಚನಗಳಲ್ಲಿ ಅದನ್ನು ಹೆಚ್ಚಾಗಿ ಅರ್ಧಕ್ಕೇ ನಿಲ್ಲಿಸುವುದು ರೂಢಿ.

ಅದು ಚೇಲನೆಯ ಕಥೆ. ವೈಶಾಲಿಯ ಚೇಟಕರಾಜನ ಏಳು ಮಂದಿ ಪುತ್ರಿಯರಲ್ಲಿ ಅವಳೊಬ್ಬಳು. ದಿಗಂಬರ ಪರಂಪರೆಯಂತೆ ವರ್ಧಮಾನ ಸ್ವಾಮಿಯ ತಾಯಿ ಪ್ರಿಯಕಾರಿಣಿಯೂ ಇದೇ ಚೇಟಕನ ಮಗಳು. ಶ್ವೇತಾಂಬರರು ಆಕೆಯನ್ನು ಚೇಟಕನ ಸೋದರಿಯೆನ್ನುತ್ತಾರೆ. ಗುಣಭದ್ರಾಚಾರ್ಯರ ‘ಉತ್ತರಪುರಾಣ’ದಲ್ಲಿ ಈ ವೃತ್ತಾಂತವಿದ್ದು, ಆ ಗ್ರಂಥ ಕ್ರಿ.ಶ. 898ರಲ್ಲಿ ಬಂಕಾಪುರದಲ್ಲಿ ಪೂಜಿತವಾಯಿತೆಂಬುದು ಅದರ ಪ್ರಶಸ್ತಿಯಿಂದ ತಿಳಿಯುತ್ತದೆ. 978ರಲ್ಲಿ ಚಾವುಂಡರಾಯನು ಮಹಾಪುರಾಣದ ಕಥಾಭಾಗವನ್ನು ಕನ್ನಡ ಗದ್ಯಕ್ಕೆ ತಂದನು. ಹೀಗೆ ವೈಶಾಲಿ ದೂರದ್ದಾದರೂ ಕಥೆ ಬಹುಕಾಲದಿಂದ ಕನ್ನಡ ನಾಡಿನದೇ.

ವೈಶಾಲಿ ಗಂಗೆಯ ಉತ್ತರಕ್ಕೆ, ಮಗಧ ದಕ್ಷಿಣಕ್ಕೆ. ಒಂದು ಗಣರಾಜ್ಯ, ಇನ್ನೊಂದು ಬೆಳೆಯುತ್ತಿದ್ದ ಏಕರಾಜ್ಯ. ಇವೆರಡರ ನಡುವೆ ನೆಮ್ಮದಿಯ ನೆರೆತನ ಸಾಧ್ಯವಿರಲಿಲ್ಲ. ಮಗಧದ ಶ್ರೇಣಿಕನು ಚಿತ್ರಪಟದಲ್ಲಿ ಕಂಡ ರಾಜಕುಮಾರಿಯರನ್ನು ಬಯಸಿ ಕೇಳಿಕಳುಹಿಸಿದನು. ಚೇಟಕನು ಒಲ್ಲೆನೆಂದನು. ಕಾರಣವೇನು? ಇಲ್ಲಿ ಗ್ರಂಥಗಳು ಒಂದೇ ಮಾತು ಹೇಳುವುದಿಲ್ಲ. ಗುಣಭದ್ರರ ಪ್ರಕಾರ ಶ್ರೇಣಿಕನ ವಯಸ್ಸು ಮೀರಿತ್ತು. ಹೇಮಚಂದ್ರರ ಪ್ರಕಾರ ಅವನ ಕುಲ ಚೇಟಕನ ಹೈಹಯ ಕುಲಕ್ಕೆ ಸಮನಾಗಿರಲಿಲ್ಲ. ಜನಜನಿತ ಕಥೆಯಲ್ಲಿ ಶ್ರೇಣಿಕನು ಬೌದ್ಧ, ಚೇಟಕನು ಜಿನಭಕ್ತನಲ್ಲದವನಿಗೆ ಮಗಳನ್ನು ಕೊಡಲಾರ.

ಪಾಠಭೇದವೆಂದು ಇದನ್ನು ಬದಿಗಿಡುವುದು ಸುಲಭ. ಆದರೆ ನಿರಾಕರಣೆ ನಡೆದ ಯಾವ ಮನೆಯಲ್ಲಿಯಾದರೂ ವಿಚಾರಿಸಿದರೆ ಈ ಮೂರೂ ಕಾರಣಗಳು ಒಟ್ಟಿಗೇ ದೊರೆಯುತ್ತವೆ. ಹುಡುಗನ ವಯಸ್ಸು, ಹುಡುಗನ ಮನೆತನ, ಹುಡುಗನ ಮತ. ಜೊತೆಗೆ, ಬಾಯಿಬಿಟ್ಟು ಹೇಳದ ನಾಲ್ಕನೆಯದೊಂದಿರುತ್ತದೆ: ಆ ಮನೆಯವರೊಂದಿಗೆ ಹಿಂದಿನಿಂದ ಬಂದ ಗಡಿಯ ತಕರಾರೋ, ಅಂಗಡಿಯ ಸ್ಪರ್ಧೆಯೋ, ಬಾಕಿಯ ವ್ಯಾಜ್ಯವೋ. ಸಭೆಯಲ್ಲಿ ಹೇಳಲು ಇವುಗಳಲ್ಲಿ ಮತವೇ ಹೆಚ್ಚು ಗೌರವದ ಕಾರಣ. ಆದ್ದರಿಂದ ಅದೇ ಮುಂದೆ ಬರುತ್ತದೆ. ಕ್ರೋಧ, ಮಾನ, ಮಾಯೆ, ಲೋಭವೆಂಬ ನಾಲ್ಕು ಕಷಾಯಗಳಲ್ಲಿ ಮಾನವು ಧರ್ಮದ ಉಡುಪನ್ನು ಧರಿಸುವಷ್ಟು ಚೆನ್ನಾಗಿ ಬೇರಾವುದೂ ಧರಿಸಲಾರದು.

ಮುಂದೆ ಶ್ರೇಣಿಕನ ಮಗನೂ ಮಂತ್ರಿಯೂ ಆದ ಅಭಯಕುಮಾರನು ವರ್ತಕನ ವೇಷದಲ್ಲಿ ವೈಶಾಲಿಯನ್ನು ಹೊಕ್ಕು, ರಾಜನ ಚಿತ್ರವನ್ನು ತೋರಿಸಿ ರಾಜಕುಮಾರಿಯರ ಮನಸ್ಸನ್ನು ಸೆಳೆದನು. (ವಿಶ್ವಾಸ ಗಳಿಸಲು ವರ್ತಕನ ವೇಷವೇ ಸುಲಭವೆಂದು ಆ ಚತುರನು ಎಣಿಸಿದ್ದು ವರ್ತಕ ಸಮಾಜಕ್ಕೆ ಹೊಗಳಿಕೆಯೋ ಎಚ್ಚರಿಕೆಯೋ ಓದುಗರೇ ತೀರ್ಮಾನಿಸಬೇಕು.) ಸುರಂಗದ ಮೂಲಕ ಹೊರಟವರು ಜ್ಯೇಷ್ಠೆ, ಚೇಲನೆ ಇಬ್ಬರು. ‘ಒಡವೆ ಮರೆತಿದ್ದೇನೆ, ತಂದುಕೊಡು’ ಎಂದು ಜ್ಯೇಷ್ಠೆಯನ್ನು ಹಿಂದಕ್ಕೆ ಕಳುಹಿಸಿ ಚೇಲನೆ ತಾನೊಬ್ಬಳೇ ಹೋದಳು. ಒಡವೆಯೊಂದಿಗೆ ಮರಳಿದ ಜ್ಯೇಷ್ಠೆಗೆ ಅಲ್ಲಿ ಯಾರೂ ಇರಲಿಲ್ಲ. ಅವಳು ವಿರಕ್ತಳಾಗಿ ಆರ್ಯಿಕೆಯಾದಳು. ಪುರಾಣಕಾರರು ಚೇಲನೆಯ ಈ ಮಾಯೆಯನ್ನು ಮುಚ್ಚಿಟ್ಟಿಲ್ಲ. ಮಹಾಸತಿಯೆಂದು ಪೂಜಿಸುವಾಗ ನಾವೂ ಅದನ್ನು ಮರೆಯಬಾರದು. ಬಾಗಿಲು ಮುಚ್ಚಿದ ಮನೆಯಿಂದ ಸುರಂಗದಲ್ಲಿ ಹೊರಟವರು ಒಬ್ಬರಿಗಲ್ಲದಿದ್ದರೆ ಇನ್ನೊಬ್ಬರಿಗೆ ಮೋಸಮಾಡಿಯೇ ಹೊರಡುತ್ತಾರೆ. ಅದರಲ್ಲಿ ಬಾಗಿಲು ಮುಚ್ಚಿದವರ ಪಾಲೂ ಇದೆ.

ಪ್ರವಚನಗಳಿಗೆ ಪ್ರಿಯವಾದ ಭಾಗ ಇದರ ನಂತರದ್ದು. ಶ್ರೇಣಿಕನು ಧ್ಯಾನಸ್ಥ ಯಶೋಧರ ಮುನಿಗಳ ಕೊರಳಿಗೆ ಸತ್ತ ಹಾವನ್ನು ಹಾಕಿದನು. ಸುದ್ದಿ ತಿಳಿದ ಚೇಲನೆ ಪತಿಯೊಡನೆ ಧಾವಿಸಿ ಉಪಸರ್ಗವನ್ನು ನಿವಾರಿಸಿದಳು. ಕಣ್ದೆರೆದ ಮುನಿಗಳು ಇಬ್ಬರಿಗೂ ಒಂದೇ ಆಶೀರ್ವಾದ ಮಾಡಿದರು. ಆ ಸಮಭಾವದಿಂದ ಶ್ರೇಣಿಕನು ಮಾರ್ಪಟ್ಟು ಮಹಾವೀರ ಸ್ವಾಮಿಯ ಸಮವಸರಣದ ಮುಖ್ಯ ಶ್ರೋತೃವಾದನು. ಮುಂಬರುವ ಉತ್ಸರ್ಪಿಣಿಯ ಪ್ರಥಮ ತೀರ್ಥಂಕರನೂ ಅವನೇ. ಇಲ್ಲಿಗೆ ಕಥೆ ಮುಗಿಸಿದರೆ ಶ್ರೋತೃಗಳು ಸಂತೋಷದಿಂದ ಮನೆಗೆ ಹೋಗುತ್ತಾರೆ. ಬೌದ್ಧ ಗ್ರಂಥಗಳು ಬಿಂಬಿಸಾರನೆಂಬ ಹೆಸರಿನಿಂದ ಅವನನ್ನು ತಮ್ಮವನೆಂದೇ ಎಣಿಸುತ್ತವೆ. ಒಂದೇ ಮನೆಯಲ್ಲಿ ಎರಡು ಮತಗಳು ಬಾಳಿದವೆಂಬುದಕ್ಕೆ ಈ ಹಕ್ಕುಸಾಧನೆಯೇ ಸಾಕ್ಷಿಯೆನ್ನಬಹುದು. ವ್ರತ, ದೇವಪೂಜೆ, ಮುನಿಭಕ್ತಿ ಯಾವುದರಲ್ಲಿಯೂ ಚೇಲನೆ ಸಡಿಲಲಿಲ್ಲ. ತವರಿನಲ್ಲಿ ಅವಳು ಕಲಿತದ್ದು ಅಷ್ಟು ಗಟ್ಟಿಯಾಗಿತ್ತು. ಇಂದು ಮಗಳಿಗೆ ಣಮೋಕಾರ ಮಂತ್ರದ ಅರ್ಥವನ್ನೂ ಹೇಳಿಕೊಡದೆ, ಅವಳ ಮದುವೆಯ ದಿನ ಧರ್ಮವನ್ನು ನೆನೆಯುವ ತಂದೆಯ ಸ್ಥಿತಿ ಬೇರೆ.

ಕಥೆಯ ಉಳಿದರ್ಧ ಕಠೋರ. ಚೇಲನೆಯ ಮಗ ಕುಣಿಕನು ತಂದೆಯನ್ನು ಸೆರೆಯಲ್ಲಿಟ್ಟನು. ಶೈಶವದಲ್ಲಿ ಅವನ ಬೆರಳು ಕೀವುಗಟ್ಟಿದಾಗ ತಂದೆ ಅದನ್ನು ಬಾಯಲ್ಲಿಟ್ಟು ಉಪಶಮನ ಮಾಡಿದ್ದನ್ನು ತಾಯಿ ಹೇಳಲು, ಪಶ್ಚಾತ್ತಾಪದಿಂದ ಬೇಡಿ ಕಡಿಯಲು ಓಡಿದನು. ಕೊಲ್ಲಲು ಬಂದನೆಂದು ಭಾವಿಸಿದ ಶ್ರೇಣಿಕನು ತಾನೇ ಪ್ರಾಣ ಬಿಟ್ಟನು. ಶ್ವೇತಾಂಬರ ಆಗಮಗಳು ಮುಂದುವರಿದು ಹೇಳುವಂತೆ, ಒಂದು ಗಂಧಗಜ ಮತ್ತು ಹದಿನೆಂಟು ಎಳೆಯ ಹಾರಕ್ಕಾಗಿ ಕುಣಿಕನಿಗೂ ಅವನ ಒಡಹುಟ್ಟಿದವರಿಗೂ ಕಲಹ ಹುಟ್ಟಿತು. ಅವರು ಅಜ್ಜ ಚೇಟಕನ ಮರೆಹೊಕ್ಕರು. ಶರಣಾಗತರನ್ನು ಒಪ್ಪಿಸೆನೆಂದು ಅಜ್ಜ, ಬಿಡೆನೆಂದು ಮೊಮ್ಮಗ. ದಿನಕ್ಕೆ ಒಂದೇ ಬಾಣ ಬಿಡುವ ವ್ರತವಿದ್ದ ಚೇಟಕನ ಬಾಣಕ್ಕೆ ಕುಣಿಕನ ಹತ್ತು ಮಂದಿ ಮಲಸಹೋದರರು ಒಬ್ಬೊಬ್ಬರಾಗಿ ಬಿದ್ದರು. ಮಹಾಶಿಲಾಕಂಟಕ, ರಥಮುಸಲವೆಂಬ ಎರಡು ಸಂಗ್ರಾಮಗಳಲ್ಲಿ ಮಡಿದವರನ್ನು ಭಗವತೀಸೂತ್ರ 84 ಲಕ್ಷ, 96 ಲಕ್ಷವೆಂದು ಎಣಿಸುತ್ತದೆ. ಕೊನೆಗೆ ವೈಶಾಲಿ ಬಿದ್ದಿತು.

ಗಮನಿಸಬೇಕಾದುದು ಇಷ್ಟು. ಜೈನ ಗ್ರಂಥಗಳ ಲೆಕ್ಕದಲ್ಲಿ ಯುದ್ಧದ ಹೊತ್ತಿಗೆ ಎರಡು ಮನೆಗಳ ನಡುವೆ ಮತಭೇದವೇ ಉಳಿದಿರಲಿಲ್ಲ. ಅಳಿಯ ಜಿನಭಕ್ತನಾಗಿ ತೀರಿಕೊಂಡಿದ್ದ. ಮೊಮ್ಮಗನೂ ಮಹಾವೀರ ಸ್ವಾಮಿಗೆ ನಮಸ್ಕರಿಸುವವನೇ. ಯಾವುದನ್ನು ಅಡ್ಡಿಯೆಂದು ಹೇಳಲಾಗಿತ್ತೋ ಅದು ಒಂದೇ ತಲೆಮಾರಿನಲ್ಲಿ ಒಂದು ಹೆಣ್ಣಿನ ಸಹನೆಯಿಂದಲೂ ಒಬ್ಬ ಮುನಿಯ ಸಮತೆಯಿಂದಲೂ ಕರಗಿತ್ತು. ಯಾವುದನ್ನು ಹೇಳಿರಲಿಲ್ಲವೋ ಆ ಹಗೆ, ಖಾತೆಯಲ್ಲಿ ಬರೆಯದ ಸಾಲದಂತೆ, ಮೊಮ್ಮಗನ ಕಾಲಕ್ಕೆ ಬಡ್ಡಿಸಹಿತ ವಸೂಲಾಯಿತು.

ಕನ್ನಡ ನಾಡಿನ ಕಲ್ಯಾಣದ ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟರೆ ವಿಷಯ ಇನ್ನೂ ಸ್ಪಷ್ಟ. ಪರಂಪರೆಯಂತೆ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ 12ನೆಯ ಶತಮಾನದ ಉತ್ತರಾರ್ಧದಲ್ಲಿ ವಿವಾಹವಾಯಿತು. ಎರಡೂ ಮನೆಗಳು ಒಪ್ಪಿದ್ದವು, ಇಬ್ಬರ ಇಷ್ಟಲಿಂಗವೂ ಒಂದೇ. ಮತಭೇದವಿಲ್ಲ, ಮನೆಗಳ ಹಗೆಯಿಲ್ಲ. ಆದರೂ ತಂದೆಯರಿಬ್ಬರೂ ಕ್ರೂರ ಶಿಕ್ಷೆಗೆ ಗುರಿಯಾದರು, ಕಲ್ಯಾಣ ಹೊತ್ತಿ ಉರಿಯಿತು. ಶಿಕ್ಷಿಸಿದ ಬಿಜ್ಜಳನನ್ನು ವೀರಶೈವ ಪುರಾಣಗಳು ಜೈನನೆಂದು ಚಿತ್ರಿಸಿವೆ. ಕಳಚುರಿಗಳ ಧ್ವಜದಲ್ಲಿದ್ದುದು ವೃಷಭವೆಂಬುದನ್ನೂ ಅವನ ಶಾಸನಗಳ ಶೈವ ಒಲವನ್ನೂ ತೋರಿಸಿ ವಿದ್ವಾಂಸರು ಇದನ್ನು ಸಂದೇಹಿಸಿದ್ದಾರೆ. ಜೈನರು ಆ ವಾದಕ್ಕಷ್ಟೇ ತೃಪ್ತರಾಗಬಾರದು. ಅಂದು ಆ ಊರಿನಲ್ಲಿದ್ದ ಶ್ರಾವಕರು ಏನು ಮಾಡಿದರೆಂಬ ಪ್ರಶ್ನೆ ಉಳಿದೇ ಇರುತ್ತದೆ.

ಇಂದಿನ ಕಾನೂನು ಇಂತಹ ವಿವಾಹಕ್ಕೆ ಅಡ್ಡ ಬರುವುದಿಲ್ಲ. 1872ರ ಕಾಯ್ದೆಯಲ್ಲಿ ವಧೂವರರು ತಾವು ಹಿಂದೂ, ಜೈನ, ಕ್ರೈಸ್ತ ಮುಂತಾದ ಯಾವ ಮತವನ್ನೂ ಅನುಸರಿಸುವವರಲ್ಲವೆಂದು ಘೋಷಿಸಬೇಕಿತ್ತು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಆ ನಿರ್ಬಂಧವಿಲ್ಲ. 30 ದಿನಗಳ ನೋಟೀಸು ಸಾಕು. ಆದರೆ ಅದರ 19ನೆಯ ಕಲಮಿನಂತೆ ಅವಿಭಕ್ತ ಕುಟುಂಬದ ಜೈನ ಸದಸ್ಯರು ಹೀಗೆ ವಿವಾಹವಾದರೆ ಕುಟುಂಬದಿಂದ ವಿಭಕ್ತರಾದಂತೆಯೇ. ಇಬ್ಬರೂ ಹಿಂದೂ, ಬೌದ್ಧ, ಸಿಖ್, ಜೈನರಲ್ಲಿ ಯಾರಾದರೂ ಆಗಿದ್ದರೆ 1976ರ ತಿದ್ದುಪಡಿಯಿಂದ ಇದು ಅನ್ವಯಿಸದು. ಆಸ್ತಿಯ ಲೆಕ್ಕಕ್ಕೆ ಇದು ಅಗತ್ಯವಿರಬಹುದು. ಬಸದಿಯ ಆಡಳಿತ ಮಂಡಳಿಗಳು ಅದೇ ಕಲಮನ್ನು ತಮ್ಮ ಆಮಂತ್ರಣ ಪಟ್ಟಿಗೆ ಅನ್ವಯಿಸಬೇಕೇ? ಮಗಳ ಹೆಸರನ್ನು ಅಭಿಷೇಕದ ಸೇವೆಯಿಂದ ತೆಗೆಯುವಾಗ, ಅವಳ ಮಗುವನ್ನು ಎತ್ತಿಕೊಂಡು ಬಂದ ಅಜ್ಜಿಯನ್ನು ಹೊಸ್ತಿಲಲ್ಲಿ ನಿಲ್ಲಿಸುವಾಗ, ತಾವು ರಕ್ಷಿಸುತ್ತಿರುವುದು ಸಮ್ಯಕ್ತ್ವವನ್ನೋ ಮರ್ಯಾದೆಯನ್ನೋ ಎಂದು ಮಂಡಳಿಯವರು ಒಮ್ಮೆ ಪರಸ್ಪರ ಕೇಳಿಕೊಳ್ಳಬೇಕು.

ಈ ಸೀಮೆಯವರಿಗೆ ಇದು ಹೊಸ ವಿಚಾರವೇನಲ್ಲ. ಬಾರ್ಕೂರಿನ ಐತಿಹ್ಯದಲ್ಲಿ, ಸರಕಿನ ಹಡಗು ನೀರಿಗಿಳಿಯಲು ಕುಂಡೋದರ ಭೂತವು ಅರಸನ ಮಗನನ್ನು ಬಲಿ ಕೇಳಿತು. ಹೆಂಡತಿ ಒಲ್ಲೆನೆಂದಳು, ತಂಗಿ ತನ್ನ ಮಗನನ್ನು ಮುಂದೆ ತಂದಳು. ಬದುಕುಳಿದ ಆ ಸೋದರಳಿಯನೇ ಭೂತಾಳ ಪಾಂಡ್ಯನಾಗಿ ಅಳಿಯಸಂತಾನ ಕಟ್ಟನ್ನು ವಿಧಿಸಿದನೆನ್ನುತ್ತಾರೆ. ಇಂದ್ರರನ್ನು ಬಿಟ್ಟರೆ ಕರಾವಳಿಯ ಜೈನರಲ್ಲಿ ಹೆಚ್ಚಿನವರು ಶತಮಾನಗಳ ಕಾಲ ಆ ಕಟ್ಟಿನಂತೆ ನಡೆದವರು. 1956ರ ಉತ್ತರಾಧಿಕಾರ ಕಾಯ್ದೆಯ ಬಳಿಕ ಆಸ್ತಿಯ ಕ್ರಮ ಬದಲಾಯಿತು. ಆದರೆ ಬಳಿಯನ್ನು ತಾಯಿಯಿಂದ ಎಣಿಸುವ ಮನೆಗಳು ಇನ್ನೂ ಇವೆ. ಆ ಲೆಕ್ಕದಲ್ಲಿ ಮಗಳು ಎಲ್ಲಿಗೇ ಹೋಗಲಿ, ಅವಳ ಹೊಟ್ಟೆಯಲ್ಲಿ ಹುಟ್ಟಿದವರು ತವರಿನ ಕುಟುಂಬದವರು. ವೈಶಾಲಿಯ ಕೋಟೆಯ ಹೊರಗೆ ಸೈನ್ಯದೊಡನೆ ನಿಂತಿದ್ದ ಕುಣಿಕನು, ಈ ಕರಾವಳಿಯ ಕಟ್ಟಿನಂತೆ, ಚೇಟಕನ ಮನೆಯ ಹಕ್ಕಿನ ಮಗುವಾಗಿದ್ದ.