ನೆಲದ ಋಣ

ಮೊನ್ನೆ ನೋಟರಿಯೊಬ್ಬರ ಮುಂದೆ ಕುಳಿತು ಒಂದು ಅಫಿಡವಿಟ್ಟಿಗೆ ರುಜು ಹಾಕಿದೆ. ಛಾಪಾ ಕಾಗದದ ಮೇಲಿದ್ದ ವಿಷಯ ಇಷ್ಟೆ: ಇಂಥ ದಿನ, ಇಂಥ ಊರಿನಲ್ಲಿ ನನಗೂ ನನ್ನ ಹೆಂಡತಿಗೂ ಒಬ್ಬ ಮಗ ಹುಟ್ಟಿದ; ಅವನೇ ಇವನು. 1986ರಲ್ಲಿ ಅವನು ಹುಟ್ಟಿದಾಗ ಪುರಸಭೆಯ ಪುಸ್ತಕದಲ್ಲಿ ‘ಗಂಡು ಮಗು’ ಎಂದಷ್ಟೇ ಬರೆಸಿ ಬಂದಿದ್ದೆವು. ಆಮೇಲೆ ಹೋಗಿ ಹೆಸರನ್ನೂ ಸೇರಿಸಬೇಕೆಂಬುದು ಆಗ ನಮಗೆ ಹೊಳೆಯಲಿಲ್ಲ. ಈಗ ಆ ಮಗ ಅಮೆರಿಕದಲ್ಲಿ ಖಾಯಂ ನಿವಾಸಕ್ಕೆ ಅರ್ಜಿ ಹಾಕುತ್ತಿದ್ದಾನೆ. ಅಲ್ಲಿ ನಿಲ್ಲುವುದಕ್ಕೆ, ಇಲ್ಲಿ ಹುಟ್ಟಿದ್ದಕ್ಕೆ ಸಾಕ್ಷಿ ಬೇಕು. ನೋಟರಿ ಮೊಹರು ಒತ್ತುತ್ತಿದ್ದಾಗ ಸುಮಾರು ಐವತ್ತು ವರ್ಷಗಳ ಹಿಂದೆ ನಾನು ಬರೆದ ಇನ್ನೊಂದು ಕಾಗದ ನೆನಪಿಗೆ ಬಂತು. ಅದನ್ನು ನೆನೆದರೆ ಈಗ ಸಂಕೋಚವಾಗುತ್ತದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೊರಗಿನಿಂದ ಬಂದು ಈಗಾಗಲೇ ದೇಶದೊಳಗೆ ಇರುವವನು, ಅಲ್ಲಿಂದ ಕದಲದೆ, ‘ನನ್ನನ್ನು ಇಲ್ಲಿಯವನೆಂದು ಬರೆದುಕೊಳ್ಳಿ’ ಎಂದು ಕೇಳುವ ಪದ್ಧತಿ ಅಮೆರಿಕದಲ್ಲಿ ಅಷ್ಟೇನೂ ಹಳೆಯದಲ್ಲ. ಮೊದಲು ಹೀಗೆ ಕೇಳಬೇಕಾದವನು ದೇಶದ ಹೊರಗೆ ಹೋಗಿ, ಅಲ್ಲಿನ ರಾಯಭಾರ ಕಚೇರಿಯಿಂದ ವೀಸಾ ಪಡೆದು ಹೊಸಬನಂತೆ ಒಳಗೆ ಬರಬೇಕಾಗಿತ್ತು. 1935ರಿಂದ ಒಂದು ವಿಚಿತ್ರವಾದ ಏರ್ಪಾಡು ನಡೆಯಿತು: ಕಾಗದಪತ್ರಗಳನ್ನು ಮೊದಲೇ ಪರೀಕ್ಷಿಸಿಟ್ಟು, ಅರ್ಜಿದಾರನನ್ನು ಕೆನಡಕ್ಕೆ ಕಳಿಸಿ, ಅಲ್ಲಿ ವೀಸಾ ಕೊಡಿಸಿ ಮತ್ತೆ ಬರಮಾಡಿಕೊಳ್ಳುವುದು. 1952ರ ಕಾಯಿದೆಯ 245ನೆಯ ಕಲಮು ಈ ಪ್ರದಕ್ಷಿಣೆಯನ್ನು ತಪ್ಪಿಸಿತು. ಇದ್ದಲ್ಲಿಂದಲೇ ಅರ್ಜಿ ಹಾಕಿಕೊಳ್ಳಬಹುದು ಎಂದಾಯಿತು. ಆದರೆ ಆ ಕಲಮಿನಲ್ಲಿ ಒಂದು ಮಾತು ಉಂಟು. ಎಲ್ಲ ಅರ್ಹತೆಗಳಿದ್ದರೂ ಅರ್ಜಿಯನ್ನು ಮಂಜೂರು ಮಾಡುವುದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಎಂದರೆ ಕಾನೂನಿನ ಕಣ್ಣಿನಲ್ಲಿ ಇದು ಅನುಗ್ರಹ, ಹಕ್ಕಲ್ಲ. ಎಷ್ಟು ವರ್ಷ ಇದ್ದರೆ ಅನುಗ್ರಹವು ಹಕ್ಕಾಗುತ್ತದೆ? ಎಂದಾದರೂ ಆಗುತ್ತದೆಯೆ? ನಾನು ಕೇಳಿಕೊಳ್ಳುತ್ತಿರುವ ಪ್ರಶ್ನೆ ಇದು.

ನನ್ನ ಮಗ 2009ರಲ್ಲಿ ಓದಲು ಹೋದ. 2011ರಲ್ಲಿ ಕೆಲಸಕ್ಕೆ ಸೇರಿದ. 2013ರಲ್ಲಿ ಅವನ ಕಂಪನಿಯವರು ಅವನ ಪರವಾಗಿ ಮೊದಲ ಕಾಗದ ಸಲ್ಲಿಸಿದರು. ಉದ್ಯೋಗದ ಆಧಾರದ ಮೇಲೆ ಕೊಡುವ ಖಾಯಂ ವೀಸಾಗಳು, 1990ರ ಕಾಯಿದೆಯಂತೆ, ವರ್ಷಕ್ಕೆ ಸುಮಾರು 1,40,000. ಹೆಂಡತಿ ಮಕ್ಕಳ ಲೆಕ್ಕವೂ ಅದರಲ್ಲೇ ಸೇರಿದೆ. ಸಾಮಾನ್ಯವಾಗಿ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲುವಂತಿಲ್ಲ. ಐಸ್‌ಲೆಂಡಿಗೂ ಅಷ್ಟೇ ಮಿತಿ, ಭಾರತಕ್ಕೂ ಅಷ್ಟೇ ಮಿತಿ. ಆದ್ದರಿಂದ ನಮ್ಮವರ ಸಾಲು ಹನುಮಂತನ ಬಾಲವಾಗಿದೆ. ಯಾವ ತಾರೀಖಿನವರೆಗಿನವರ ಸರದಿ ಬಂದಿದೆ ಎಂಬ ಪ್ರಕಟಣೆ ತಿಂಗಳಿಗೊಮ್ಮೆ ಹೊರಡುತ್ತದೆ. ಕೆಲವು ತಿಂಗಳು ಆ ತಾರೀಖು ಮುಂದೆ ಸರಿಯುತ್ತದೆ, ಕೆಲವು ತಿಂಗಳು ಹಿಂದಕ್ಕೂ ಹೋಗುತ್ತದೆ. 2007ರ ಜುಲೈಯಲ್ಲಿ ಎಲ್ಲರಿಗೂ ಬಾಗಿಲು ತೆರೆದಿದೆ ಎಂದು ಪ್ರಕಟಿಸಿ, ಒಡನೆಯೇ ಇಲ್ಲವೆಂದಾಗ, ಅಲ್ಲಿನ ಭಾರತೀಯರು ಗಾಂಧೀಮಾರ್ಗವೆಂದು ವಲಸೆ ಇಲಾಖೆಯ ಮುಖ್ಯಾಧಿಕಾರಿಗೆ ನೂರಾರು ಹೂಗುಚ್ಛಗಳನ್ನು ಕಳಿಸಿದರು. ಇಲಾಖೆ ಆ ಹೂಗಳನ್ನು ಸೈನಿಕರ ಆಸ್ಪತ್ರೆಗೆ ಮುಟ್ಟಿಸಿತು. ಅದೇ ತಿಂಗಳಲ್ಲಿ ಬಾಗಿಲನ್ನೂ ಮತ್ತೆ ತೆರೆಯಿತು.

ಹೀಗೆ ಕಾಯುತ್ತಿರುವ ಮನೆಯೊಳಗೆ ನೋಡಿದರೆ ಒಂದು ಸೋಜಿಗ ಕಾಣುತ್ತದೆ. ನನ್ನ ಮೊಮ್ಮಗಳು ಅಲ್ಲಿ ಹುಟ್ಟಿದವಳು, ಹುಟ್ಟಿನಿಂದಲೇ ಆ ದೇಶದ ಪ್ರಜೆ. ಅವಳನ್ನು ಎತ್ತಿ ಆಡಿಸಿದ ತಂದೆ ಮಾತ್ರ ಇನ್ನೂ ಅತಿಥಿ. ಕೆಲಸ ಹೋದರೆ, ಅಲ್ಪಾವಧಿಯಲ್ಲಿ ಬೇರೆ ಕೆಲಸ ಸಿಗದಿದ್ದರೆ, ಮನೆ ಖಾಲಿ ಮಾಡಬೇಕಾದ ಅತಿಥಿ. ಪಕ್ಕದ ಮನೆಯವರ ಪರಿಸ್ಥಿತಿ ಇದಕ್ಕಿಂತ ಕಷ್ಟದ್ದು. ಅವರ ಹುಡುಗ ಇಲ್ಲಿಂದ ಮೂರು ವರ್ಷದವನಾಗಿ ಹೋದವನು. ತಂದೆಯ ಸರದಿ ಬರುವುದರೊಳಗೆ ಅವನಿಗೆ ಇಪ್ಪತ್ತೊಂದು ತುಂಬಿದರೆ ತಂದೆಯ ಕಾಗದದಿಂದ ಅವನ ಹೆಸರು ಕಳಚಿಕೊಳ್ಳುವ ಭಯ. 2002ರ ಒಂದು ಕಾಯಿದೆ ವಯಸ್ಸಿನ ಲೆಕ್ಕದಲ್ಲಿ ಕೊಂಚ ರಿಯಾಯಿತಿ ಕೊಟ್ಟಿದೆ. ಆದರೆ ದಶಕಗಳ ಸಾಲಿಗೆ ಆ ರಿಯಾಯಿತಿ ಸಾಲದು.

ಈ ಮಾತನ್ನು ನನ್ನ ಗೆಳೆಯರ ಮುಂದೆ ಎತ್ತಿದಾಗ ಒಬ್ಬರು ತಟ್ಟನೆ ಹೇಳಿದರು: “ನಿಮ್ಮ ಮಗ ಹೋಗುವಾಗ ಏನೆಂದು ಹೇಳಿ ಹೋದ? ಓದು ಮುಗಿಸಿ ಬರುತ್ತೇನೆ ಎಂದಲ್ಲವೆ? ಮಾತಿಗೆ ತಪ್ಪಿದವನು ಹಕ್ಕಿನ ಮಾತಾಡಬಹುದೆ?”

ಮಾತು ಚುಚ್ಚಿತು, ಆದರೆ ತಳ್ಳಿಹಾಕುವಂಥದಲ್ಲ. ವಿದ್ಯಾರ್ಥಿಯಾಗಿ ಹೋಗುವವನು ತಾನು ಹಿಂದಿರುಗುವವನೇ ಎಂದು ವೀಸಾ ಅಧಿಕಾರಿಗೆ ಮನದಟ್ಟು ಮಾಡಿಕೊಡಬೇಕೆಂಬುದು ಅಲ್ಲಿನ ಕಾನೂನು. ಅದೇ ಮನುಷ್ಯ ಕೆಲವು ವರ್ಷಗಳಾದ ಮೇಲೆ, ‘ನಾನು ಇಲ್ಲಿಯೇ ನಿಲ್ಲುವವನು’ ಎಂದು ಅಷ್ಟೇ ಗಂಭೀರವಾಗಿ ಬರೆದುಕೊಡುತ್ತಾನೆ. ಎರಡರಲ್ಲಿ ಒಂದು ಸುಳ್ಳಾಗಿರಲೇಬೇಕೆ? ನನಗೆ ಹಾಗೆ ತೋರುವುದಿಲ್ಲ. ಮನಸ್ಸಿನಲ್ಲಿ ಇರುವುದನ್ನು ಹೇಳುವುದು ಬೇರೆ, ಮಾತು ಕೊಡುವುದು ಬೇರೆ. ಇಪ್ಪತ್ಮೂರರ ಹುಡುಗ ‘ಬರುತ್ತೇನೆ’ ಎಂದಾಗ ಅಂದಿನ ಮನಸ್ಸನ್ನು ಹೇಳಿದ. ಅಂದು ಅದು ನಿಜವಾಗಿದ್ದರೆ ಸಾಕು, ಅವನು ಸುಳ್ಳುಗಾರನಲ್ಲ. ಹೋಗುವ ದಿನವೇ ನಿಲ್ಲುವ ಯೋಚನೆಯನ್ನು ಅಡಗಿಸಿಟ್ಟುಕೊಂಡು ಹೋದವನಿಗೆ ಈ ಸಮರ್ಥನೆ ಸಲ್ಲದು. ಅಲ್ಲಿನ ಕಾನೂನೂ ಈ ಭೇದವನ್ನು ಬಲ್ಲದು. ಪರಿಣತ ಕೆಲಸಗಾರರ ವೀಸಾದಲ್ಲಿ ಇರುವವನು ಹಿಂದಿರುಗುವ ಯೋಚನೆಯನ್ನೂ ನಿಲ್ಲುವ ಯೋಚನೆಯನ್ನೂ ಒಟ್ಟಿಗೆ ಇಟ್ಟುಕೊಂಡಿರಬಹುದೆಂದು 1990ರ ಕಾಯಿದೆಯ ನಂತರ ಒಪ್ಪಿಕೊಂಡಿದೆ. ಮನುಷ್ಯನ ಮನಸ್ಸು ಇರುವುದೇ ಹಾಗೆ.

ಆದರೆ ಅವನು ಆ ಮಾತನ್ನು ಇನ್ನೊಬ್ಬರಿಗೂ ಹೇಳಿದ್ದ. ಅವನ ತಾಯಿಗೆ. ಅಧಿಕಾರಿ ಅದನ್ನು ಅಂದೇ ಮರೆತಿರಬೇಕು, ಅವಳು ಮರೆಯಲಿಲ್ಲ. 2021ರಲ್ಲಿ ಅವಳು ತೀರಿಕೊಂಡಾಗ ಅವನು ಬರಲಾಗಲಿಲ್ಲ. ಆ ಮಹಾಮಾರಿಯ ವರ್ಷದಲ್ಲಿ ಇಲ್ಲಿಗೆ ಬಂದವನು ಮತ್ತೆ ಹೆಂಡತಿ ಮಗುವಿನ ಬಳಿಗೆ ಯಾವಾಗ ಸೇರುತ್ತಾನೆಂದು ಯಾರೂ ಹೇಳುವಂತಿರಲಿಲ್ಲ. ‘ಬರಬೇಡ’ ಎಂದು ನಾನೇ ಹೇಳಿದೆ. ಮಾತಿನ ಲೆಕ್ಕ ಕೇಳುವ ಅಧಿಕಾರ ಯಾರಿಗಾದರೂ ಇದ್ದಿದ್ದರೆ ಅದು ಅವಳಿಗೆ ಇತ್ತು, ಅವಳು ಕೇಳಲಿಲ್ಲ. ಈ ಒಂದು ಬಾಕಿ ತೀರುವಂಥದಲ್ಲ, ಅದು ಅವನಿಗೂ ಗೊತ್ತು.

ಇನ್ನು ಆ ಹಳೆಯ ಕಾಗದದ ವಿಷಯ. ಮಲೆನಾಡಿನಲ್ಲಿ ನಮ್ಮ ತಂದೆಗೆ ಎಂಟು ಎಕರೆ ಗದ್ದೆ ಇತ್ತು. ನಮ್ಮಲ್ಲಿ ಯಾರೂ ನೇಗಿಲು ಹಿಡಿದವರಲ್ಲ. ಗೇಣಿಗೆ ಕೊಟ್ಟಿತ್ತು; ಒಂದೇ ಮನೆತನದವರು ಎರಡು ತಲೆಮಾರಿನಿಂದ ಉಳುತ್ತಿದ್ದರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಾಗ ಮಲೆನಾಡಿನ ಒಡೆಯರ ಜಗಲಿಗಳಲ್ಲೆಲ್ಲ ಅದೇ ಮಾತು. ಆದರೂ ನಮ್ಮ ಗದ್ದೆಗೆ ಅದರ ಬಿಸಿ ತಟ್ಟಲಿಲ್ಲ. 1974ರಲ್ಲಿ ದೇವರಾಜ ಅರಸರ ಸರ್ಕಾರದ ತಿದ್ದುಪಡಿ ಜಾರಿಗೆ ಬಂತು. ಆ ವರ್ಷದ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು 7ನೆಯ ನಮೂನೆಯಲ್ಲಿ ಅರ್ಜಿ ಹಾಕಿದರೆ ತಾಲ್ಲೂಕಿನ ಭೂ ನ್ಯಾಯಮಂಡಳಿ ವಿಚಾರಿಸಿ ಅಧಿಭೋಗದ ಹಕ್ಕನ್ನು ಅವನ ಹೆಸರಿಗೆ ಬರೆಯಬಹುದಾಯಿತು. ನಮ್ಮ ಗೇಣಿದಾರನೂ ಅರ್ಜಿ ಹಾಕಿದ. ತಂದೆಯವರ ಪರವಾಗಿ ತಕರಾರನ್ನು ಬರೆದುಕೊಟ್ಟವನು ನಾನು, ಆಗಷ್ಟೇ ಬಿ.ಎ. ಮುಗಿಸಿದ್ದೆ. ‘ಅರ್ಜಿದಾರನು ನಮ್ಮ ಅನುಗ್ರಹದಿಂದ ಜಮೀನಿನಲ್ಲಿದ್ದವನು, ಬಿಡು ಎಂದಾಗ ಬಿಡುವುದಾಗಿ ಒಪ್ಪಿಕೊಂಡೇ ಒಳಗೆ ಬಂದವನು’ ಎಂದು ಬರೆದೆ. ವಾಕ್ಯ ಚೆನ್ನಾಗಿ ಬಂದಿದೆಯೆಂದು ಹೆಮ್ಮೆಯೂ ಪಟ್ಟೆ.

ವಿಚಾರಣೆಯ ಹಿಂದಿನ ದಿನ ಆತ ಮನೆಗೆ ಬಂದು ಜಗಲಿಯ ಕೆಳಗೆ ನಿಂತ. ತಂದೆಯವರು, “ಎಷ್ಟು ವರ್ಷ ನಂಬಿದ್ದೆನಲ್ಲೋ” ಎಂದರು. ಅವನು ತಲೆ ಎತ್ತದೆ, “ಅಯ್ಯಾ, ನಾನು ಎಲ್ಲಿಗೆ ಹೋಗ್ಲಿ?” ಎಂದ. ಬೇರೆ ಮಾತು ಆಡಲಿಲ್ಲ. ಮಂಡಳಿ ಅವನ ಪರವಾಗಿ ತೀರ್ಪು ಕೊಟ್ಟಿತು. ತಂದೆಯವರು ಆಮೇಲೆ ಆ ಗದ್ದೆಯ ಕಡೆಗೆ ಕಾಲಿಡಲಿಲ್ಲ.

ನಾವು ನಗರದವರಾದೆವು, ಓದಿದೆವು, ನಮ್ಮ ಮಕ್ಕಳು ಸಮುದ್ರ ದಾಟಿದರು. ಇದನ್ನು ಓದುತ್ತಿರುವವರಲ್ಲಿ ಹಲವರ ಮನೆಯ ಕಥೆಯೂ ಇದೇ ಇದ್ದೀತು. ಕಳೆದ ವರ್ಷ ನಾನು ಮಗನಿಗೆ, “ಇಷ್ಟು ಕಾದದ್ದು ಸಾಕು, ಬಂದುಬಿಡು” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಾ, ಈಗ ಎಲ್ಲಿಗೆ ಬರಲಿ?” ಎಂದ. ನಾನು ದೂರವಾಣಿಯನ್ನು ಕೆಳಗಿಟ್ಟು ಬಹಳ ಹೊತ್ತು ಕುಳಿತಿದ್ದೆ.

ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಗೇಣಿದಾರನಿಗೆ ಆ ಗದ್ದೆ ಬಿಟ್ಟರೆ ಬೇರೆ ದಿಕ್ಕಿರಲಿಲ್ಲ. ನನ್ನ ಮಗನಿಗೆ ವಿದ್ಯೆ ಇದೆ, ಸಂಬಳ ಇದೆ, ಹಿಂದಿರುಗಿದರೆ ಮನೆಯಿದೆ. ಒಡೆಯನ ಗದ್ದೆಯೂ ಒಂದು ರಾಷ್ಟ್ರವೂ ಸಮವಲ್ಲ. ತಮ್ಮೊಡನೆ ಯಾರು ಬಾಳಬೇಕೆಂದು ನಿರ್ಧರಿಸುವ ಅಧಿಕಾರ ಒಂದು ದೇಶದ ಜನಕ್ಕೆ ಇರಲೇಬೇಕು. ಅಧಿಕಾರ ಉಂಟೆಂಬುದರಲ್ಲಿ ನನಗೆ ಸಂಶಯವಿಲ್ಲ. ಅದನ್ನು ಬಾಗಿಲಲ್ಲಿ ಚಲಾಯಿಸುವುದಕ್ಕೂ ಒಳಗೆ ಕರೆದು ಹದಿನೈದು ವರ್ಷ ದುಡಿಸಿಕೊಂಡ ಮೇಲೆ ಚಲಾಯಿಸುವುದಕ್ಕೂ ವ್ಯತ್ಯಾಸವಿದೆಯೇ ಎಂಬುದಷ್ಟೇ ಪ್ರಶ್ನೆ.

ಇದು ಹೊಸ ಪ್ರಶ್ನೆಯಲ್ಲ. ಪ್ರಾಚೀನ ಅಥೆನ್ಸಿನಲ್ಲಿ ಹೊರಗಿನಿಂದ ಬಂದು ನೆಲೆಸಿದವರ ಒಂದು ವರ್ಗವೇ ಇತ್ತು. ಅವರು ವರ್ಷವರ್ಷವೂ ತಲೆಗಂದಾಯ ಕೊಡಬೇಕು, ಒಬ್ಬ ಪ್ರಜೆಯ ಆಶ್ರಯ ಪಡೆದಿರಬೇಕು. ಭೂಮಿ ಕೊಳ್ಳುವಂತಿಲ್ಲ, ಸಭೆಯಲ್ಲಿ ಕೂರುವಂತಿಲ್ಲ. ಸ್ಟಾಗಿರದಿಂದ ಬಂದ ಅರಿಸ್ಟಾಟಲ್ ಅಲ್ಲಿ ಹಾಗೆಯೇ ಬಾಳಿದವನು. ಪ್ರಜೆಯೆಂದರೆ ಯಾರು ಎಂದು ವಿಸ್ತಾರವಾಗಿ ವಿಚಾರಿಸಿದ ಆ ತತ್ತ್ವಜ್ಞಾನಿ ತಾನಿದ್ದ ಊರಿನ ಪ್ರಜೆಯಾಗಿರಲಿಲ್ಲ. ಅಮೆರಿಕದ ಮೈಕೆಲ್ ವಾಲ್ಜರ್ 1983ರಲ್ಲಿ ಈ ಉದಾಹರಣೆಯನ್ನೆತ್ತಿಕೊಂಡು, ಯೂರೋಪಿನ ಅತಿಥಿ ಕಾರ್ಮಿಕರ ವಿಷಯದಲ್ಲಿ ವಾದಿಸಿದರು: ಒಳಗೆ ಕರೆದು ದುಡಿಸಿಕೊಳ್ಳುವವರು ಅವರಿಗೆ ಪ್ರಜೆಗಳಾಗುವ ದಾರಿಯನ್ನೂ ಕೊಡಬೇಕು, ಇಲ್ಲದಿದ್ದರೆ ಅದು ಪ್ರಜಾಪ್ರಭುತ್ವವಲ್ಲ, ಒಂದು ಬಗೆಯ ದಬ್ಬಾಳಿಕೆ. ಜೋಸೆಫ್ ಕೇರನ್ಸ್ ಇನ್ನೂ ಮುಂದೆ ಹೋಗಿ, ಕಾಗದವಿಲ್ಲದೆ ಬಂದವನಿಗೂ ಕಾಲ ಕಳೆದಂತೆ ಬೇರುಬಿಟ್ಟ ನೆಲದ ಮೇಲೆ ನೈತಿಕ ಅಧಿಕಾರ ಬೆಳೆಯುತ್ತದೆ ಎಂದರು.

ಪ್ಲೇಟೋ ಬರೆದ ‘ಕ್ರೀಟೊ’ ಸಂವಾದದ ಒಂದು ವಾದ ನನಗೆ ಇವೆಲ್ಲಕ್ಕಿಂತ ಬಲವಾಗಿ ತೋರುತ್ತದೆ. ಸೆರೆಮನೆಯಿಂದ ಓಡಿಹೋಗೆಂದು ಗೆಳೆಯ ಒತ್ತಾಯಿಸಿದಾಗ, ಊರಿನ ಕಾನೂನುಗಳೇ ಎದುರಿಗೆ ಬಂದು ಮಾತಾಡಿದಂತೆ ಸಾಕ್ರಟೀಸ್ ಕಲ್ಪಿಸಿಕೊಳ್ಳುತ್ತಾನೆ. ಎಪ್ಪತ್ತು ವರ್ಷ ನೀನು ಇಲ್ಲಿಯೇ ಇದ್ದೆ, ಹೋಗಬಹುದಾಗಿದ್ದರೂ ಹೋಗಲಿಲ್ಲ. ಹಾಗೆ ಇದ್ದುದೇ ನಿನ್ನ ಒಪ್ಪಿಗೆ ಎಂಬುದು ಅವುಗಳ ವಾದದ ಸಾರ. ಇರುವುದೇ ಇರುವವನನ್ನು ಕಟ್ಟಿಹಾಕುವುದಾದರೆ, ಇರಗೊಡುವುದು ಇರಗೊಟ್ಟವರನ್ನೂ ಕಟ್ಟಬೇಡವೆ? ಅವನು ವರ್ಷವರ್ಷವೂ ಹೋಗಬಹುದಾಗಿತ್ತು. ಅವರೂ ವರ್ಷವರ್ಷವೂ ಹೋಗೆನ್ನಬಹುದಾಗಿತ್ತು. ಇಬ್ಬರೂ ಸುಮ್ಮನಿದ್ದರು. ಅವನು ತೆರಿಗೆ ಕೊಟ್ಟ, ಅವರು ತೆಗೆದುಕೊಂಡರು. ಒಂದೇ ಮೌನ ಒಬ್ಬನಿಗೆ ಒಪ್ಪಂದ, ಇನ್ನೊಬ್ಬನಿಗೆ ಏನೂ ಅಲ್ಲ ಎಂದರೆ ಅದು ನ್ಯಾಯದ ತಕ್ಕಡಿಯಲ್ಲ.

ನಮ್ಮವರು ಇದಕ್ಕೆ ಋಣ ಎಂದರು. ಅನ್ನದ ಋಣ, ನೀರಿನ ಋಣ, ನೆಲದ ಋಣ. ಸಾಮಾನ್ಯವಾಗಿ ಉಂಡವನಿಗಷ್ಟೇ ಋಣವನ್ನು ನೆನಪಿಸುತ್ತೇವೆ. ಆದರೆ ಋಣಾನುಬಂಧವೆಂದರೆ ಎರಡೂ ಕಡೆಯವರಿಗೆ ಹಾಕಿದ ಗಂಟು. ಉಣಿಸಿದವನೂ, ದುಡಿಸಿಕೊಂಡವನೂ ಅದರೊಳಗೆ ಬರುತ್ತಾರೆ. ಆದ್ದರಿಂದ ಮಗನಿಗೂ ಒಂದು ಮಾತು ಹೇಳಿದ್ದೇನೆ. ಆ ನಮೂನೆಯಲ್ಲಿ ಕಮ್ಯುನಿಸ್ಟ್ ಪಕ್ಷದ ಸದಸ್ಯನಾಗಿದ್ದೆಯಾ, ಬಹುಪತ್ನೀತ್ವದ ಉದ್ದೇಶವುಂಟೆ ಎಂದೆಲ್ಲ ಕೇಳಿದೆ. ಈ ಊರಿಗೆ ನೀನು ಏನು ಕೊಡುವೆ ಎಂದು ಕೇಳಿಲ್ಲ. ಕೇಳದಿದ್ದರೂ ಅದಕ್ಕೆ ನೀನು ಉತ್ತರ ಸಿದ್ಧವಿಟ್ಟುಕೊಂಡಿರಬೇಕು. ನೆಲದ ಸುಖಕ್ಕಷ್ಟೇ ನಿಂತು, ಅದರ ಕಷ್ಟಕ್ಕೆ ಪರದೇಶಿಯಾಗುವವನಿಗೆ ನಾನು ಮಾಡಿದ ವಾದ ಸಲ್ಲುವುದಿಲ್ಲ.

ನಮಗೂ ಒಂದು ಮಾತು ಉಳಿಯುತ್ತದೆ. ಆಗಿನ ಮೈಸೂರು ಸರ್ಕಾರ ಕೊಟ್ಟ ಜಾಗದಲ್ಲಿ, ಬೈಲಕುಪ್ಪೆಯಲ್ಲಿ, 1960ರ ಸುಮಾರಿನಿಂದ ಟಿಬೆಟ್ಟಿನವರು ನೆಲೆಸಿದ್ದಾರೆ. ಕಾಡು ಕಡಿದು ಹೊಲ ಮಾಡಿದರು, ಜೋಳ ಬೆಳೆದರು; ಅಲ್ಲೇ ಹುಟ್ಟಿ ಕನ್ನಡ ಕಲಿತವರೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಇಂದಿಗೂ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಂಡೇ ಬಾಳುತ್ತಾರೆ. ಅವರಲ್ಲಿ ಕೆಲವರು ಹಿಂದಿರುಗುವ ಆಸೆಯಿಂದ ತಾವಾಗಿಯೇ ಪೌರತ್ವ ಬೇಡವೆಂದಿರಬಹುದು. ಆದರೂ ಅಮೆರಿಕದ ಸಾಲಿನ ಉದ್ದವನ್ನು ಅಳೆಯುವ ನಾವು, ಮೈಸೂರಿನಿಂದ ಒಂದೂವರೆ ಗಂಟೆಯ ದಾರಿಯಲ್ಲಿರುವ ಅವರ ಮೊಮ್ಮಕ್ಕಳ ಲೆಕ್ಕವನ್ನು ಎಂದಾದರೂ ಹಾಕಿದ್ದೇವೆಯೆ?

ಆ ಕಾರ್ಡಿಗೆ ಖಾಯಂ ಎಂದು ಹೆಸರು, ಆದರೆ ಅದನ್ನೂ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕಂತೆ. ದೀರ್ಘಕಾಲ ಹೊರಗಿದ್ದರೆ ಆ ಖಾಯಂ ಹೋಗಿಬಿಡಲೂಬಹುದಂತೆ. ಇರಲಿ. ಅಫಿಡವಿಟ್ಟನ್ನು ಮಗನಿಗೆ ಕಳಿಸಿದ್ದೇನೆ. ಮುಂದಿನ ತಿಂಗಳು ಊರಿಗೆ ಹೋಗುವ ಯೋಚನೆ ಇದೆ. ಆ ಗೇಣಿದಾರ ಈಗಿಲ್ಲ. ಅವನ ಮಗ ಅದೇ ಗದ್ದೆಯನ್ನು ಮಾಡುತ್ತಿದ್ದಾನೆಂದು ಕೇಳಿದ್ದೇನೆ. ಒಮ್ಮೆ ಅವನ ಜಗಲಿಯ ಮೇಲೆ ಕುಳಿತು, ಅವನು ಕೊಟ್ಟರೆ ಒಂದು ಲೋಟ ನೀರು ಕುಡಿದು ಬರಬೇಕು.